ಕ್ಲಿಯರ್ ಕೇಳ್ತೈತಿ

ನಾನು ಒಂದು ಮೈಕು. ಹುಟ್ಟಿದ್ದು ದಿಲ್ಲಿಯ ಯಾವುದೋ ಗಲ್ಲಿಯ ಕಾರ್ಖಾನೆಯಲ್ಲಿ; ಬಾಳಿದ್ದು ರಾಣೆಬೆನ್ನೂರಿನ ಫಕ್ಕೀರಪ್ಪನ ಸೌಂಡ್ ಸರ್ವಿಸ್ ಅಂಗಡಿಯಲ್ಲಿ. ಜನ ನನ್ನನ್ನು ಬಾಯಿ ಎಂದುಕೊಳ್ಳುತ್ತಾರೆ. ನಿಜಕ್ಕೂ ನಾನು ಕಿವಿ.

ಮದುವೆ, ಸನ್ಮಾನ, ಚುನಾವಣೆ, ಎಲ್ಲ ಕೇಳಿದೆ. ದೊಡ್ಡವರು ಬಂದು "ನೋಡೋಣ, ಮಾಡೋಣ" ಎನ್ನುತ್ತಿದ್ದರು. ಅದು ಹೌದೋ ಅಲ್ಲವೋ ನನಗೆ ಇಂದಿಗೂ ಬಗೆಹರಿದಿಲ್ಲ. ಚಪ್ಪಾಳೆ ತಟ್ಟಿದವರಿಗೂ ಬಗೆಹರಿದಿರಲಾರದು.

ಫಕ್ಕೀರಪ್ಪನದು ಒಂದೇ ಮಾತು: "ಹಲೋ, ಹಲೋ, ಮೈಕ್ ಟೆಸ್ಟಿಂಗ್." ಅಷ್ಟು ಹೇಳಿ ಕೆಳಗಿಳಿದು ಆಂಪ್ಲಿಫೈಯರ್ ಪಕ್ಕ ಕೂರಬೇಕು. ಮೈಕಿನವನು ಭಾಷಣ ಮಾಡುವ ಪದ್ಧತಿ ಯಾವ ಊರಲ್ಲೂ ಇಲ್ಲ. ಆದರೆ ನನ್ನನ್ನು ಹಿಡಿದ ಅವನ ಕೈ ಬಿಡಲು ಒಂದು ಗಳಿಗೆ ತಡಮಾಡುತ್ತಿತ್ತು. ಅವನು ಇನ್ನೊಂದು ಮಾತು ಆಡಲಿ ಎಂದು ನಾನೂ ಹಂಬಲಿಸುತ್ತಿದ್ದೆ.

ಫಕ್ಕೀರಪ್ಪನ ಓಣಿಯ ಚರಂಡಿಗೆ ಹಾಸುಗಲ್ಲು ಇರಲಿಲ್ಲ. ಒಂದು ದಿನ ಅವನ ಹೆಂಡತಿ ನೀಲವ್ವ ಅದರಲ್ಲಿ ಬಿದ್ದು ಕಾಲು ಮುರಿದುಕೊಂಡಳು.

"ಊರ ಮಂದಿಗೆಲ್ಲ ದನಿ ಕೊಡ್ತೀರಿ. ನಮ್ಮ ಓಣಿ ಮಾತು ಒಮ್ಮೆರ ಹೇಳ್ರಿ" ಎಂದಳು.

"ಭಾಷಣಕ್ಕ ನನ್ನ ಹೆಸರು ಯಾರು ಕೂಗ್ತಾರ, ನೀಲಾ?"

ಆದರೂ ನಗರಸಭೆಯವರು ಜನರ ಅಹವಾಲು ಕೇಳುವ ಸಭೆ ಕರೆದ ದಿನ ಅವನು ಗಟ್ಟಿ ಮನಸ್ಸು ಮಾಡಿದ. ವೇದಿಕೆ ಹತ್ತಿ ನನ್ನನ್ನು ತಟ್ಟಿದ.

"ಹಲೋ, ಹಲೋ. ನಮ್ಮ ಓಣಿ ಚರಂಡಿಗೆ ಕಲ್ಲಿಲ್ಲರಿ. ನನ್ನ ಹೆಂಡತಿ ಬಿದ್ದು ಕಾಲು ಮುರಕೊಂಡಾಳ. ಕಲ್ಲು ಹಾಕಸ್ರಿ."

ಹಿಂದಿನ ಸಾಲಿನವನೊಬ್ಬ ಕೈಯೆತ್ತಿದ. "ಹಾಂ, ಕ್ಲಿಯರ್ ಕೇಳ್ತೈತಿ."

ಅಧ್ಯಕ್ಷರು ನಗುತ್ತ ಎದ್ದು ಬಂದರು. "ಸಾಕು ಬಿಡು ಫಕ್ಕೀರಪ್ಪ, ಮೈಕು ಚಲೋ ಐತಿ."

ಯಾರೂ ಅವನ ಬಾಯಿ ಮುಚ್ಚಿಸಲಿಲ್ಲ. ಮುಚ್ಚಿಸಿದ್ದರೆ ಅವನು ಮಾತಾಡಿದನೆಂದಾದರೂ ಆಗುತ್ತಿತ್ತು. ಅವನು ನನ್ನನ್ನು ಅವರ ಕೈಗಿತ್ತು ಕೆಳಗಿಳಿದ.

ಈಗ ವೈರಿಲ್ಲದ ಮೈಕುಗಳು ಬಂದಿವೆ. ನಾನು ಅವನ ಮನೆಯ ಪಡಸಾಲೆಯ ಮೊಳೆಗೆ ನೇತುಬಿದ್ದಿದ್ದೇನೆ. ಇಲ್ಲಿ ಮಾತು ಕಡಿಮೆ, ಇದ್ದದ್ದನ್ನೆಲ್ಲ ಕೇಳಿಸಿಕೊಳ್ಳುತ್ತೇನೆ.

ಸಭೆ ಮುಗಿಸಿ ಬಂದ ಆ ಸಂಜೆ ನೀಲವ್ವ ಕೇಳಿದ್ದಳಂತೆ, "ಹೇಳಿದ್ರೇನ್ರಿ?"

"ಹೇಳಿದೆ."

"ಏನಂದ್ರು?"

"ಕ್ಲಿಯರ್ ಕೇಳ್ತೈತಿ ಅಂದ್ರು."

ಇದನ್ನು ಅವಳು ನೆರೆಮನೆಯವರಿಗೆ ಹೆಮ್ಮೆಯಿಂದ ಹೇಳುತ್ತಾಳೆ. ಅವನು ಸುಳ್ಳು ಹೇಳಿಲ್ಲ. ಅದಕ್ಕೆ ನಾನೇ ಸಾಕ್ಷಿ. ಓಣಿಯ ತಿರುವಿನಲ್ಲಿ ಟ್ರ್ಯಾಕ್ಟರ್ ಸದ್ದಾದರೆ ನೀಲವ್ವ ಕೋಲು ಹಿಡಿದು ಬಾಗಿಲಿಗೆ ಹೋಗುತ್ತಾಳೆ, ಕಲ್ಲು ಬಂತೇನೋ ಎಂದು.