ಸಡಿಲಾದ ಅಂಗಿ

ದಿನವೂ ನಡೆಯಲೇಬೇಕು, ಬರೀ ಮಾತ್ರೆಯಿಂದ ಈ ಹೃದಯ ಬಹಳ ಕಾಲ ತಡೆಯುವುದಿಲ್ಲ ಎಂದು ಡಾಕ್ಟರು ದರ್ಜಿಯ ಹೆಂಡತಿಗೆ ಹೇಳಿದರು. ಅವಳು ಆಸ್ಪತ್ರೆಯಿಂದ ಹೊರಬರುತ್ತಲೇ ಗಂಡನಿಗೆ ತನ್ನ ತೀರ್ಮಾನ ತಿಳಿಸಿದಳು.

“ಅದೆಲ್ಲ ತೆಳ್ಳಗಿರೋರಿಗೆ ರೀ. ನಾನು ಬೂಟು ಹಾಕ್ಕೊಂಡು ಹೊರಟ್ರೆ ಬೀದಿಯೋರಿಗೆ ಬಿಟ್ಟಿ ಸಿನಿಮಾ.”

ತವರಿನಲ್ಲಿ ಅಣ್ಣಂದಿರು ಅವಳನ್ನು ಕರೆಯುತ್ತಿದ್ದುದು ಮೂಟೆ ಎಂದು. ಮಗಳು ಕೆಲಸಕ್ಕೆ ಸೇರುವಷ್ಟು ಕಾಲ ಕಳೆದರೂ ಕನ್ನಡಿಯಲ್ಲಿ ಅವಳಿಗೆ ಕಾಣುತ್ತಿದ್ದುದು ಅದೇ. ಗಂಡ ಗೋಗರೆದು ಒಂದು ವಾರ ನಡೆಸಿದ. ಆಮೇಲೆ, “ಮೂಟೆ ಮೂಟೇನೇ” ಎಂದು ಅವಳು ಬೂಟನ್ನು ಮಂಚದ ಕೆಳಗೆ ತಳ್ಳಿದಳು.

ದರ್ಜಿಗೆ ತೋಚಿದ್ದು ತನ್ನ ಕಸುಬಿನ ಉಪಾಯ. ಅವಳು ಸಾಮಾನು ತರಲು ಹೋದಾಗ ಅವಳ ಅಂಗಿಗಳ ಪಕ್ಕದ ಹೊಲಿಗೆ ಬಿಚ್ಚಿ, ಒಳಗೆ ಮಡಚಿಟ್ಟ ಹೆಚ್ಚುವರಿ ಬಟ್ಟೆಯನ್ನು ಕೊಂಚ ಬಿಟ್ಟು ಮತ್ತೆ ಹೊಲಿದ. ಕೆಲವು ದಿನಗಳ ಮೇಲೆ ಇನ್ನೂ ಕೊಂಚ.

“ರೀ, ಸೊಂಟದ ಹತ್ರ ಸಡಿಲ ಆಗಿದೆ! ಆ ಒಂದು ವಾರಕ್ಕೇ ಇಷ್ಟಾ?”

“ಹೌದಲ್ಲೇ! ಹೀಗೇ ಆದ್ರೆ ನಿನ್ನನ್ನ ಸೂಜಿ ಡಬ್ಬೀಲಿ ಹುಡುಕ್ಬೇಕಾಗುತ್ತೆ.”

ಅಂದೇ ಬೂಟು ಹೊರಬಂತು. ಬೆಳಿಗ್ಗೆ ಅವಳೇ ಅವನನ್ನು ಎಬ್ಬಿಸತೊಡಗಿದಳು. ಅಂಗಡಿಗೆ ಬಂದ ಗಿರಾಕಿಯೊಬ್ಬಳು ಕುರ್ಚಿ ಸರಿಸಿಕೊಟ್ಟಾಗ, “ಬೇಡಮ್ಮಾ, ನಾವು ದಿನಾ ನಡೆಯೋರು” ಎಂದಳು. ದರ್ಜಿ ಮಿಷನ್ ನಿಲ್ಲಿಸಿ ಕೇಳಿಸಿಕೊಂಡ. ಅವನು ಅಲ್ಲಿಗೇ ಬಿಡಬಹುದಿತ್ತು. ಇನ್ನೊಂದು ಅಂಗಿಯನ್ನೂ ಬಿಚ್ಚಿದ.

ಅಂಗಡಿಯಲ್ಲಿ ಗುಂಡಿಗೆ ಕಾಜಾ, ಅಂಚು ಹೊಲಿಗೆ ಅವಳದೇ ಕೆಲಸ. ಒಂದು ಮಧ್ಯಾಹ್ನ ಬಿಚ್ಚಿಹೋದ ಅಂಚು ಹೊಲಿಯಲೆಂದು ತನ್ನ ಅಂಗಿಯನ್ನು ಒಳಮಗ್ಗುಲಿಗೆ ತಿರುಗಿಸಿದಳು. ಪಕ್ಕದಲ್ಲಿ ಎರಡು ಬೆರಳಗಲ ಇರಬೇಕಿದ್ದ ಬಟ್ಟೆ ಇರಲಿಲ್ಲ. ಹಳೆಯ ಹೊಲಿಗೆಯ ಸೂಜಿ ತೂತುಗಳು ಸಾಲಾಗಿ ಕಂಡವು.

“ಇದು ನಿಮ್ಮ ಕೈಕೆಲಸ.”

ಅವನು ಅಲ್ಲಗಳೆಯಲಿಲ್ಲ. “ನಿನಗೆ ಹುರುಪು ಬರ್ಲಿ ಅಂತ ಕಣೇ. ಅಂಗಿ ಸುಳ್ಳು, ಒಪ್ಕೋತೀನಿ. ಆದ್ರೆ ಮೊದ್ಲು ನೀನು ಮಹಡಿ ಹತ್ತುವಾಗ ನಡುವೆ ಕೂರ್ತಿದ್ದೆ. ಈಗ ಒಂದೇ ಉಸಿರಿಗೆ ಹತ್ತೀಯ. ಅದು ನಿಜ ತಾನೇ?”

“ಅದರಲ್ಲೂ ಎಲ್ಲಿ ಬಿಚ್ಚಿ ಹೊಲಿದಿದ್ದೀರೋ, ಯಾರಿಗೆ ಗೊತ್ತು.”

ಸಂಜೆಯೊಳಗೆ ಎಲ್ಲ ಅಂಗಿಗಳನ್ನೂ ಹಳೆಯ ಗೆರೆಗೇ ಹೊಲಿದುಬಿಟ್ಟಳು. ಅವನು ಹತ್ತಿರ ಬಂದು, “ಒಂದ್ಸಲ ಹಾಕ್ಕೊಂಡು ನೋಡೇ. ಆ ಅಳತೆಗೂ ಸಡಿಲ ಇರಬಹುದು” ಎಂದ.

“ಬೇಡ. ನನ್ನ ಅಳತೆ ನನಗೆ ಗೊತ್ತು.”

ಮರುದಿನ ಬೆಳಿಗ್ಗೆ ಅವನು ಬಾಗಿಲು ತೆರೆದು ಕಾದ. ಅವಳು ಹಾಸಿಗೆ ಬಿಟ್ಟೇಳಲಿಲ್ಲ. ಆಮೇಲೆ ಬಟ್ಟೆ ಒಣಹಾಕಲು ಅವಳು ಮಹಡಿ ಹತ್ತುವಾಗ ಅವನು ಕೆಳಗಿನಿಂದ ನೋಡುತ್ತಿದ್ದ. ಅವಳಿಗೆ ಏದುಸಿರು ಬಂದಿರಲಿಲ್ಲ. ಆದರೂ ನಡುವೆ ಬಕೆಟ್ ಇಳಿಸಿ, ಮೆಟ್ಟಿಲ ಮೇಲೆ ಕೂತಳು.