ರಾಮದಾಸರು ಕೇಳಿದ ಎರಡು ಪಟ್ಟಿ

ಕೇರಳಕ್ಕೆ ಬಂದ ಮೇಲೆ ಎಲ್ಲಾದರೂ ಕನ್ನಡ ಕೇಳಿಸಿದರೆ ನನಗೆ ಖುಷಿಯಾಗುತ್ತದೆ, ಸುಳ್ಳು ಹೇಳುವುದಿಲ್ಲ. ಆದರೆ ನಮ್ಮ ಹಣೆಬರಹ ಕೈಯಲ್ಲಿಟ್ಟುಕೊಂಡವರು ತಾವಾಗಿ ಫೋನ್ ಮಾಡಿ ಕನ್ನಡದಲ್ಲಿ ಜೇನು ಸುರಿಸಿದರೆ ಕಿವಿ ನೆಟ್ಟಗಾಗುತ್ತದೆ. ರಾಮದಾಸರ ಫೋನ್ ಬಂದ ದಿನ ಹಾಗೇ ಆಯಿತು.

ನಾನು ಆಯೇಷಾ, ಪುತ್ತೂರಿನವಳು. ಕೊಚ್ಚಿಯ ಐಟಿ ಪಾರ್ಕಿನ ಕೆಲಸ ಬಿಟ್ಟು, ಮೈಸೂರಿನ ತರುಣ್ ಜೊತೆ ಸೇರಿ ಕಳಮಶ್ಶೇರಿಯ ಒಂದು ಶೆಡ್ಡಿನಲ್ಲಿ ಕಂಪನಿ ಕಟ್ಟಿದ್ದೇನೆ. ನಾವು ಮಾಡುವುದು ಒಂದೇ ಸಾಮಾನು, ರಕ್ತ ನಿಲ್ಲಿಸುವ ಪಟ್ಟಿ. ಗುಂಡು ತಗುಲಿದ ಸೈನಿಕ ಒಂದೇ ಕೈಯಲ್ಲಿ ತನ್ನ ತೊಡೆಗೆ ತಾನೇ ಬಿಗಿದುಕೊಳ್ಳಲೆಂದು ಸೇನೆಯ ಪ್ರಯೋಗಾಲಯವೊಂದು ರೂಪಿಸಿದ್ದು. ಪಟ್ಟಿ ಸುತ್ತಿ ಅದರ ಮೇಲಿನ ಕಡ್ಡಿ ತಿರುಗಿಸಿದರೆ ರಕ್ತ ನಿಲ್ಲುತ್ತದೆ. ಇಂಥದ್ದನ್ನು ಆಂಬುಲೆನ್ಸಿಗೆ, ಕಾರ್ಖಾನೆಗೆ, ಬೈಕ್ ಸವಾರರಿಗೆ ಮುಟ್ಟಿಸುವ ಸಣ್ಣ ಕಂಪನಿಗಳಿಗೆ ಅನುದಾನ ಉಂಟು. ಅದು ಸಿಕ್ಕಿದರೆ ನಾವು ಉಳಿದೆವು, ಇಲ್ಲದಿದ್ದರೆ ಶೆಡ್ಡಿಗೆ ಬೀಗ.

ಅನುದಾನದ ಕಮಿಟಿ ಕೂತದ್ದು ತಿರುವನಂತಪುರದಲ್ಲಿ. ಅದರಲ್ಲಿ ರಾಮದಾಸರೂ ಇದ್ದರು. ದೊಡ್ಡ ಸಂಸ್ಥೆಯೊಂದರಿಂದ ನಿವೃತ್ತರಾದ ವಿಜ್ಞಾನಿ, ಮೂಲ ಹಾಸನ. ಮೊದಲ ಸಭೆಯಲ್ಲಿ ನಗು ಅನ್ನುವುದೇ ಇಲ್ಲದೆ ನಮ್ಮನ್ನು ಹಿಂಡಿ ಹಿಪ್ಪೆ ಮಾಡಿದ್ದರು. ಅಂಥವರು ವಾರ ಕಳೆದು ಫೋನ್ ಮಾಡಿ, "ಏನಮ್ಮಾ, ಊಟ ಆಯ್ತಾ?" ಅಂದರೆ ಏನು ಅರ್ಥ?

"ನಿಮ್ಮ ಪಟ್ಟಿ ಎರಡು ಬೇಕಿತ್ತು. ಬಿಲ್ ಹಾಕಿಯೇ ಕೊಡಿ. ಆದ್ರೆ ಆರಿಸಿ ಕೊಡ್ಬೇಡಿ, ಅಂಗಡಿಗೆ ಹೋಗೋ ಡಬ್ಬಿಯಿಂದ ಕೈಗೆ ಸಿಕ್ಕಿದ್ದು ಕೊಡಿ."

"ಕಮಿಟಿಗಾ ಸಾರ್?"

"ಅಲ್ಲ, ಕಮಿಟಿಗೂ ಇದಕ್ಕೂ ಸಂಬಂಧ ಇಲ್ಲ. ಚಾಲೈನಲ್ಲಿ ಇಬ್ರಾಹಿಂ ಅಂತ ಇದಾರೆ, ಅವರ ಅಂಗಡೀಲಿ ಕೊಟ್ಬಿಡಿ."

ಮನೆಗೂ ಬೇಡ, ಆಫೀಸಿಗೂ ಬೇಡ, ತಿರುವನಂತಪುರದ ಚಾಲೈ ಪೇಟೆಯ ಅಂಗಡಿಗೆ! ವಿಚಾರಿಸಿದರೆ ಇಬ್ರಾಹಿಂ ಮಾರುವುದೇ ಬ್ಯಾಗಿನ ಪಟ್ಟಿ, ಬಕಲ್, ದಾರ. ಒಳಗೆ ಹೊಲಿಗೆ ಯಂತ್ರ ಬೇರೆ ಉಂಟಂತೆ. ನನ್ನ ನೆತ್ತಿ ಬಿಸಿಯಾಯಿತು.

"ಬಿಚ್ಚಿ ನೋಡಿ ನಕಲು ಮಾಡ್ಲಿಕ್ಕೆ ಮಾರಾಯ! ಬೇರೆ ಎಂತ ಉಂಟು ಇದರಲ್ಲಿ?" ಎಂದೆ.

ತರುಣ್ ತಲೆ ಕೆರೆದುಕೊಂಡ. "ಕೊಡಲ್ಲ ಅಂದ್ರೆ ಕಮಿಟೀಲಿ ಕಲ್ಲು ಹಾಕ್ತಾರೆ ಕಣೇ."

"ಹಾಗಾದ್ರೆ ಕೊಡು, ಬಿಸಾಡ್ಲಿಕ್ಕೆ ಇಟ್ಟದ್ದನ್ನೇ ಕೊಡು! ನಕಲು ಮಾಡಿ ಸಾಯ್ಲಿ!"

ಕೋಪದಲ್ಲಿ ಬಾಯಿಗೆ ಬಂದದ್ದು ಹೇಳುವುದು ನನ್ನ ಚಾಳಿ. ತರುಣ್ ಅದನ್ನು ದಿನವೂ ಕೇಳುವವನು, ಗಾಳಿಗೆ ಬಿಡುತ್ತಾನೆ ಅಂದುಕೊಂಡಿದ್ದೆ. ಮರುದಿನ ಅವನೇ ರೈಲು ಹತ್ತಿ ಚಾಲೈಗೆ ಹೋಗಿ ಕೊಟ್ಟು ಬಂದ. ನಾನು ಏನೂ ಕೇಳಲಿಲ್ಲ.

ಆಮೇಲೆ ರಾಮದಾಸರಿಂದ ಸದ್ದೇ ಇಲ್ಲ. ಎರಡನೆಯ ಸಭೆಯಲ್ಲಿ ಅವರ ಕುರ್ಚಿ ಖಾಲಿ. ನೋಡಿದೆಯಾ, ಕೆಲಸ ಮುಗಿಯಿತು, ಮುಖ ಮರೆಸಿದರು ಎಂದೆ. ಪೇಟೆಯಲ್ಲಿ ನಮ್ಮದೇ ಪಟ್ಟಿ ಬೇರೆ ಹೆಸರಿನಲ್ಲಿ ಬಂದಿದೆಯೇ ಎಂದು ಫೋನಿನಲ್ಲಿ ಹುಡುಕುವುದೇ ನನಗೆ ಕೆಲಸವಾಯಿತು.

ಕೊನೆಗೊಂದು ಶನಿವಾರ ಬೆಳಿಗ್ಗೆ ಅನುದಾನ ಮಂಜೂರಾದ ಸುದ್ದಿ ಬಂತು. ನಾನು ಕುಣಿದದ್ದು ಪಕ್ಕದ ಶೆಡ್ಡಿನವರಿಗೂ ಕೇಳಿಸಿತು. ಪಳಂಪೊರಿ, ಅಂದರೆ ಬಾಳೆಹಣ್ಣಿನ ಬಜ್ಜಿ, ತರಿಸಿ ಕಚ್ಚುತ್ತಿದ್ದಾಗ ಫೋನ್ ಬಂತು. ರಾಮದಾಸರ ಹೆಂಡತಿ ಪ್ರೇಮ.

"ಆಯೇಷಾ ಅಲ್ವೇನಮ್ಮ? ಅನುದಾನ ಸಿಕ್ತಂತೆ, ತುಂಬಾ ಸಂತೋಷ. ಇವರಿಗೆ ನಿಮ್ಮ ಪಟ್ಟಿ ಅಷ್ಟು ಹಿಡಿಸಿಬಿಟ್ಟಿತ್ತು. ನಿಮ್ಮ ಗಿರಾಕಿ ಆದ್ಮೇಲೆ ತೀರ್ಪು ಕೊಡಬಾರದು ಅಂತ ಕಮಿಟಿಯಿಂದಾನೇ ಎದ್ದು ಬಂದ್ರು. ಅದಕ್ಕೇ ಇಷ್ಟು ದಿನ ನಿಮಗೆ ಫೋನೂ ಮಾಡಿಲ್ಲ."

ಕಚ್ಚಿದ ಬಜ್ಜಿ ತಟ್ಟೆಗಿಟ್ಟೆ. "ಪಟ್ಟಿ ಯಾರಿಗೆ ಆಂಟಿ?"

"ನಮ್ಮ ಮಗ ಅದ್ವೈತ್‌ಗೆ. ಬೈಕಲ್ಲಿ ಘಾಟಿ ಘಾಟಿ ಸುತ್ತುತಾನೆ, ಇವರಿಗೆ ಎದೆ ಡವಡವ. ಇಬ್ರಾಹಿಂ ಹತ್ರ ಬೈಕಿಗೆ ಚೀಲ ಹೊಲಿಸಿ ಅದರೊಳಗೆ ಇಟ್ಟಿದಾರೆ. ಇವತ್ತು ನಸುಕಲ್ಲೇ ವಯನಾಡಿಗೆ ಹೊರಟ."

ಫೋನ್ ಕೆಳಗಿಟ್ಟು ತರುಣ್ ಕಡೆ ತಿರುಗಿದೆ. "ಚಾಲೈಯಲ್ಲಿ ಕೊಟ್ಟದ್ದು ಯಾವುದು?"

ಅವನು ತಿನ್ನುವುದು ನಿಲ್ಲಿಸಿದ. "ನೀನೇ ಹೇಳಿದ್ದಲ್ವಾ."

"ತರುಣ್, ಯಾವುದು?"

"ಕಡ್ಡಿ ಸರಿ ಬರದ ಲಾಟು. ಹೊಸ ಕವರ್ ಹಾಕಿ ಕೊಟ್ಟೆ."

ಆ ಲಾಟಿನ ಕಡ್ಡಿ ಎರಡನೆಯ ಸುತ್ತಿಗೇ ಲಟಕ್ ಎಂದು ಮುರಿಯುತ್ತದೆ. ತೊಡೆಯಿಂದ ರಕ್ತ ಹರಿಯುತ್ತಿರುವವನಿಗೆ ಎರಡೂ ಪಟ್ಟಿ ಕೈಕೊಟ್ಟರೆ ಮೂರನೆಯ ಅವಕಾಶ ಇರುವುದಿಲ್ಲ.

"ಈಗ ಹೇಳ್ಬೇಡ," ಅಂದ ತರುಣ್. ಮುಖ ಬಿಳಿಚಿತ್ತು. "ನಾವು ಹಾಳು ಮಾಲು ಮಾರಿದ್ವಿ ಅಂತ ಗೊತ್ತಾದ್ರೆ ಅನುದಾನ ವಾಪಸ್ ತಗೋತಾರೆ. ಅವನು ಬಂದ್ಮೇಲೆ ಏನೋ ನೆಪ ಹೇಳಿ ಬದಲಾಯಿಸೋಣ."

"ಬಾರದಿದ್ರೆ?"

ನನಗೆ ಅವನ ಮೇಲೆ ಸಿಟ್ಟು ಬಂತು, ನನ್ನ ಹಾಳು ನಾಲಿಗೆಯ ಮೇಲೆ ಅದಕ್ಕಿಂತ ಹೆಚ್ಚು. ರಾಮದಾಸರಿಗೆ ಫೋನ್ ಹಚ್ಚಿ, ನಾವು ಸಂಶಯಪಟ್ಟದ್ದೂ ಸೇರಿದಂತೆ ಇದ್ದದ್ದು ಇದ್ದ ಹಾಗೆ ಹೇಳಿದೆ.

"ಮೊದ್ಲು ಅವನಿಗೆ ಫೋನ್ ಮಾಡ್ತೀನಿ. ಇಡಿ," ಎಂದರು.

ಮತ್ತೆ ಫೋನ್ ಬರುವವರೆಗೆ ನಾನು ಶೆಡ್ಡಿನ ಬಾಗಿಲಲ್ಲೇ ನಿಂತಿದ್ದೆ. ಹೆದ್ದಾರಿಯಲ್ಲಿ ಬೈಕಿನ ಸದ್ದಾದಾಗಲೆಲ್ಲ ಕತ್ತು ಚಾಚಿ ನೋಡುತ್ತಿದ್ದೆ.

"ನಿಮ್ಮ ಹತ್ರಾನೇ, ಇಡಪ್ಪಳ್ಳೀಲಿ ಚಹಾ ಕುಡೀತಾ ಇದ್ದ," ಎಂದರು ರಾಮದಾಸರು. "ನಿಮ್ಮಲ್ಲಿಗೇ ಬರ್ತಾನೆ. ಕಮಿಟಿಗೆ ಈ ವಿಷಯ ನೀವೇ ತಿಳಿಸಿ. ನಾನು ಹೇಳಿದ್ರೆ ಚಾಡಿ ಹೇಳಿದ ಹಾಗಾಗುತ್ತೆ." ಈ ಸಲ ಊಟ ಆಯ್ತಾ ಎಂದು ಕೇಳಲಿಲ್ಲ.

ಅದ್ವೈತ್ ಬಂದ. ಧೂಳು ಮೆತ್ತಿದ ಜಾಕೆಟ್, ಅಪ್ಪನದೇ ಮೂಗು. ಚೀಲದಿಂದ ಎರಡೂ ಪಟ್ಟಿ ತೆಗೆದು ಮೇಜಿನ ಮೇಲಿಟ್ಟ. ನಾನು ಒಳಗಿನಿಂದ ಎಲ್ಲ ಪರೀಕ್ಷೆ ದಾಟಿದ ಎರಡು ಪಟ್ಟಿ ತಂದು, ಒಂದನ್ನು ನನ್ನ ತೊಡೆಗೇ ಬಿಗಿದು ತೋರಿಸಿದೆ. ಕಾಲು ಜೋಮು ಹಿಡಿಯುವಷ್ಟು ತಿರುಗಿಸಿದೆ. ಕಡ್ಡಿ ಗಟ್ಟಿಯಾಗಿ ನಿಂತಿತು.

"ಇದು ಪಕ್ಕಾ ಒಳ್ಳೆಯದು. ನಾನೇ ಆರಿಸಿದ್ದು," ಎಂದೆ.

ಅವನಿಗೆ ಕನ್ನಡ ಅರ್ಥವಾಗುತ್ತದೆ, ಉತ್ತರ ಮಾತ್ರ ಮಲಯಾಳಂ. "ವೇಂಡ ಚೇಚಿ," ಬೇಡ ಅಕ್ಕಾ, ಎಂದು ಮೆತ್ತಗೆ ಹೇಳಿ ನನ್ನ ಕೈಯನ್ನು ಪಕ್ಕಕ್ಕೆ ಸರಿಸಿದ.

ಆಮೇಲೆ ಅಂಗಡಿಗೆ ಹೋಗಲು ಕಟ್ಟಿಟ್ಟಿದ್ದ ದೊಡ್ಡ ಡಬ್ಬಿಯ ಮುಂದೆ ಕೂತ. ಟೇಪು ಹರಿದು, ಮುಖ ಬೇರೆ ಕಡೆ ತಿರುಗಿಸಿ, ಮೊಣಕೈವರೆಗೆ ಕೈ ಇಳಿಸಿ, ತಳದಿಂದ ಎರಡು ಪಟ್ಟಿಗಳನ್ನು ತಾನೇ ಎಳೆದುಕೊಂಡ.