ನೆರಿಗೆ ಎತ್ತಿ ನಡೆಯುವ ದೇವಿ

ರೋಮ್‌ನ ತರಕಾರಿ ಸಂತೆಯಲ್ಲಿ ಭರವಸೆಯ ದೇವತೆ ಸ್ಪೆಸ್ ದೇವಿಯ ಗುಡಿ ಇತ್ತು. ಅಲ್ಲಿ ಕೈ ಮುಗಿಯುವವರಿಗಿಂತ ಅದರ ನೆರಳಿನಲ್ಲಿ ಎಲೆಕೋಸು ಒಟ್ಟುವವರೇ ಹೆಚ್ಚು. ಪೂಜಾರಿ ಟುರ್ಪಿಯೊ ಮೆಟ್ಟಿಲ ಮೇಲಿನ ಸೊಪ್ಪು ಗುಡಿಸುತ್ತ, ಬೇರೆ ದೇವರುಗಳ ವೈಭೋಗ ನೆನೆದು ಕರುಬುತ್ತಿದ್ದ. ಚಿನ್ನದ ನಾಣ್ಯದ ಮೇಲೆ ಮೂಡಿದ ದೇವರಿಗೆ ಜನ ಮುಗಿಬೀಳುತ್ತಾರೆ ಎಂದು ಅವನ ನಂಬಿಕೆ.

ಚಕ್ರವರ್ತಿಗೆ ಗಂಡು ಮಗು ಹುಟ್ಟಿ, ಹೊಸ ಚಿನ್ನದ ನಾಣ್ಯಕ್ಕೆ ಯಾವ ದೇವಿಯೆಂದು ಹುಡುಕಾಟ ನಡೆದಾಗ, ಟುರ್ಪಿಯೊ ಒಂದು ಹೂಜಿ ದ್ರಾಕ್ಷಾರಸ ಹೊತ್ತು ಟಂಕಸಾಲೆಯಲ್ಲಿ ಅಚ್ಚು ಕೆತ್ತುವ ಹಿಲಾರಸ್‌ನ ಮನೆಗೆ ಹೋದ.

“ನಂಗೆ ಎಲ್ಲಾ ದೇವಿಯರೂ ಒಂದೇ ಕಣಯ್ಯ,” ಎಂದ ಹಿಲಾರಸ್ ಬಾಯಿ ಒರೆಸಿಕೊಳ್ಳುತ್ತ. “ಒಂದು ಹೆಂಗಸನ್ನ ನಿಲ್ಲಿಸ್ತೀನಿ. ಕೈಗೆ ತಕ್ಕಡಿ ಕೊಟ್ರೆ ನ್ಯಾಯ, ಹಣ್ಣು ಕೊಟ್ರೆ ಸಮೃದ್ಧಿ. ನಿನ್ನವಳ ಕೈಯಲ್ಲಿ ಏನಿರುತ್ತೆ?”

“ಒಂದ್ರಲ್ಲಿ ಹೂವು. ಇನ್ನೊಂದ್ರಲ್ಲಿ ನೆರಿಗೆ ಎತ್ತಿ ಹಿಡ್ಕೊಂಡಿರ್ತಾಳೆ.”

“ಅದ್ಯಾಕೆ?”

“ಸಂತೆಗೆ ಬಂದು ನೋಡು. ಆ ಕೆಸರಲ್ಲಿ ಯಾರೇ ಆದ್ರೂ ಎತ್ತಲೇಬೇಕು.”

ಹಿಲಾರಸ್ ನಕ್ಕು, ಮೇಲಿನವರ ಕಿವಿಗೆ ಸ್ಪೆಸ್ ಹೆಸರು ಹಾಕಿದ. ನಾಣ್ಯ ಅಚ್ಚಾಯಿತು. ಟುರ್ಪಿಯೊ ಮೆಟ್ಟಿಲು ತೊಳೆದು ಕಾದ. ವರ್ಷ ಕಳೆದರೂ ಯಾರೂ ಬರಲಿಲ್ಲ.

“ಅಲ್ಲಣ್ಣ, ಇಲ್ಲಿ ಚಿನ್ನ ಕಂಡೋರು ಯಾರಿದಾರೆ?” ಎಂದಳು ಎಲೆಕೋಸು ಮಾರುವ ವೆಟ್ಟಿಯ. “ನಾವೆಲ್ಲ ತಾಮ್ರದೋರು. ನಿನ್ನ ದೇವಿ ದೊಡ್ಡೋರ ಗಂಟಲ್ಲಿ ಹಾಯಾಗಿ ಮಲಗಿದಾಳೆ.”

ನಿಜ ಹೇಳಬೇಕೆಂದರೆ ಟುರ್ಪಿಯೊ ಕೂಡ ಆ ನಾಣ್ಯವನ್ನು ಕಂಡಿರಲಿಲ್ಲ.

ಒಂದು ಬೆಳಿಗ್ಗೆ, ದಂಡಿನಿಂದ ಬಿಡುಗಡೆಯಾದ ಮುದಿ ಸೈನಿಕನೊಬ್ಬ ಕಂಕುಳಲ್ಲಿ ಹಂದಿಮರಿ ಅವುಚಿಕೊಂಡು ಬಂದು ಅಂಗೈ ಬಿಚ್ಚಿದ. ಅದರಲ್ಲಿ ಆ ಚಿನ್ನದ ನಾಣ್ಯವಿತ್ತು.

“ಪೂಜಾರಪ್ಪ, ನೆರಿಗೆ ಎತ್ತಿರೋ ದೇವಿ ಇಲ್ಲೇ ಇರೋದು ಅಂದ್ರು. ಇವಳು ಕೈ ಸೇರಿದಾಗಿಂದ ಜೂಜಲ್ಲಿ ಸೋತಿಲ್ಲ. ಹರಕೆ ತಂದಿದೀನಿ.”

ಉಗುರಿನಷ್ಟಿದ್ದ ದೇವಿಯ ನೆರಿಗೆಯ ಒಂದೊಂದು ಗೆರೆಯೂ ಮೂಡಿತ್ತು. ಟುರ್ಪಿಯೊನ ಕಣ್ಣು ಒದ್ದೆಯಾಯಿತು.

“ಹೂವಿನ ದೇವಿ ಫ್ಲೋರಾ ತಾನೆ?” ಎಂದ ಸೈನಿಕ.

ಹೌದು ಎಂದಿದ್ದರೆ ಹಂದಿಮರಿ ಅಲ್ಲೇ ಉಳಿಯುತ್ತಿತ್ತು. ಟುರ್ಪಿಯೊಗೆ ತಡೆಯಲಾಗಲಿಲ್ಲ. “ಫ್ಲೋರಾ ಅಲ್ಲಪ್ಪ, ಸ್ಪೆಸ್. ಭರವಸೆಯ ದೇವಿ. ಬರೆದಿದೆ ನೋಡು.”

“ನಂಗೆ ಓದಕ್ಕೆ ಬರಲ್ಲ.” ಸೈನಿಕನ ಮುಖ ಸಣ್ಣದಾಯಿತು. “ಇಪ್ಪತ್ತೈದು ವರ್ಷ ಡ್ಯಾನ್ಯೂಬ್ ನದಿ ಕಾಯ್ತಾ ಬರೀ ಭರವಸೆ ತಿಂದ್ಕೊಂಡಿದ್ದೆ. ಈಗ ಕೈಗೆ ಚಿನ್ನ ಬಂದಿದೆ, ಇನ್ನು ಇವಳ್ಯಾಕೆ? ಫ್ಲೋರಾ ಗುಡಿಗೆ ಹ್ಯಾಗೆ ಹೋಗ್ಬೇಕು?”

ಟುರ್ಪಿಯೊ ದಾರಿ ತೋರಿಸಿದ. ಹಂದಿಮರಿ ಕಿರುಚುತ್ತ ಹೋಯಿತು. ಅವನು ಫ್ಲೋರಾಳನ್ನೂ ಸೈನಿಕನನ್ನೂ ತನ್ನ ನಾಲಗೆಯನ್ನೂ ಮನಸಾರೆ ಬೈದುಕೊಂಡು, ಮಧ್ಯಾಹ್ನದ ಹೊತ್ತಿಗೆ ಗುಡಿಗೆ ಬೀಗ ಹಾಕಿದ.

“ಎಲ್ಲಿಗಣ್ಣ?” ಎಂದಳು ವೆಟ್ಟಿಯ.

“ಫ್ಲೋರಾ ಗುಡಿಗೆ. ಹರಕೆ ಮಾಂಸ ಹಂಚ್ತಾರೆ.”

“ನಿನ್ನ ದೇವಿಗೆ ಬೇಜಾರಾಗಲ್ವಾ?”

“ಅವಳಿಗೆ ಅಭ್ಯಾಸ ಆಗಿದೆ.”

ಟುರ್ಪಿಯೊ ಎರಡು ಸಲ ಬಡಿಸಿಕೊಂಡು ಉಂಡ. ವೆಟ್ಟಿಯಳಿಗೂ ಒಂದು ತುಂಡು ಕಟ್ಟಿಸಿಕೊಂಡು ಬಂದ. ಅವಳು ತಿಂದು, ಉಪ್ಪು ಸಾಲದು ಎಂದಳು.